ಜಗಲಿ ದಾಟಿದ ಮೇಲೆ

ಪಶ್ಚಿಮ ಬೆಂಗಳೂರಿನಲ್ಲಿ ವಿಜಯನಗರವಿದೆ. ಅದಕ್ಕೆ ಹೊಂದಿಕೊಂಡು ಹಂಪಿನಗರವೂ ಇದೆ. ಕೆಂಗೇರಿಯಂಥ ಹಳೆಯ ಊರುಗಳನ್ನು ನಗರ ನುಂಗಿ ಬೆಳೆದಿದೆ. ಹೆಂಚಿನ ಮನೆ ಕೆಡವಿ ಮೂರಂತಸ್ತು ಎಬ್ಬಿಸಿದವರೇ ರಜೆ ಬಂದೊಡನೆ ಹೆಂಚಿನ ಮನೆ ಹುಡುಕಿಕೊಂಡು ಹೊರಡುತ್ತಾರೆ. ಹಳ್ಳಿಯ ಹಳೆಯ ಮನೆಗಳನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ಕೊಡುವ ಉದ್ಯಮಕ್ಕೆ ಈ ವಿಚಿತ್ರ ಹಂಬಲವೇ ಬಂಡವಾಳ.

ಇದರ ಒಳ್ಳೆಯ ಮಾದರಿ ನಿಜವಾದ ಹಂಪಿಯ ಎದುರು ದಡದಲ್ಲಿದೆ. ತುಂಗಭದ್ರೆಯಾಚೆಯ ಆನೆಗೊಂದಿಯಲ್ಲಿ ಶಮಾ ಪವಾರ್ ಅವರು 1997ರಲ್ಲಿ ಆರಂಭಿಸಿದ ಕಿಷ್ಕಿಂಧಾ ಟ್ರಸ್ಟ್ ಹಳೆಯ ಮನೆಗಳನ್ನು ಉಳಿಸಿ ಅತಿಥಿಗೃಹಗಳಾಗಿಸುವ ಕೆಲಸ ಮಾಡಿತು. ಜೊತೆಗೆ ಊರಿನ ಹೆಂಗಸರಿಗೆ ಬಾಳೆನಾರಿನ ಕಸುಬು ಕಲಿಸಿ ದುಡಿಮೆಯ ದಾರಿ ತೋರಿಸಿತು. ಈಚೆ ದಡದ ಕತೆ ಬೇರೆ. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ಜುಲೈ 2011ರಲ್ಲಿ ಪರಂಪರೆಯ ರಕ್ಷಣೆಯ ಹೆಸರಿನಲ್ಲಿ ಎಬ್ಬಿಸಲಾಯಿತು. ಕಲ್ಲು ಉಳಿಯಿತು, ಒಲೆ ಆರಿತು. ಆದ್ದರಿಂದ ಊರಿನವರನ್ನು ಊರಿನಲ್ಲೇ ಇರಗೊಟ್ಟು ಮನೆ ಉಳಿಸುವ ಪ್ರಯತ್ನವನ್ನು ನಾವು ಮೆಚ್ಚಲೇಬೇಕು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮನೆಯೆಂದರೆ ಮಣ್ಣಿನ ಗೋಡೆ, ಮರದ ಕಂಬ ಮಾತ್ರವಲ್ಲ, ಕಟ್ಟಳೆಯೂ ಹೌದು. ಯಾರು ನಡುಮನೆಗೆ ಬರಬಹುದು, ಯಾರಿಗೆ ಜಗಲಿಯೇ ಕೊನೆ, ಯಾರು ಅಂಗಳದಾಚೆಯೇ ನಿಲ್ಲಬೇಕು ಎಂಬುದನ್ನು ನಮ್ಮ ಹಳ್ಳಿಯ ಎಷ್ಟೋ ಮನೆಗಳು ಹೊಸ್ತಿಲಲ್ಲೇ ಬರೆದಿಟ್ಟಿದ್ದವು. ಹಾಸಿಗೆಗೆ ಹತ್ತಿ ಹಿಂಜಿದ ಪಿಂಜಾರ ಆ ಹಾಸಿಗೆ ಹಾಸಿದ ಕೋಣೆಯನ್ನು ಕಂಡವನಲ್ಲ. ಮಣ್ಣು ತುಳಿದು ಗೋಡೆ ಎಬ್ಬಿಸಿದವರಲ್ಲಿ ಎಷ್ಟೋ ಮಂದಿಗೆ ಗೃಹಪ್ರವೇಶದ ನಂತರ ಪ್ರವೇಶವಿರಲಿಲ್ಲ. ಇಂದು ದುಡ್ಡು ಕೊಟ್ಟವರೆಲ್ಲ ನಡುಮನೆಯಲ್ಲಿ ಮಲಗಬಹುದು. ಇದು ಒಳ್ಳೆಯ ಬದಲಾವಣೆಯೇ ಸರಿ. ಆದರೆ ಕಂಬದ ಕೆತ್ತನೆಯನ್ನು ವರ್ಣಿಸುವವರು ಹೊಸ್ತಿಲಿನ ಕತೆಯನ್ನೇಕೆ ಹೇಳುವುದಿಲ್ಲ? ಕಟ್ಟಳೆಯನ್ನು ಮರೆಸಿ ಗೋಡೆಯನ್ನಷ್ಟೇ ಉಳಿಸಿದರೆ ಉಳಿಯುವುದು ಚರಿತ್ರೆಯಲ್ಲ, ಅಲಂಕಾರ.

ಮರೆತದ್ದಕ್ಕೆ ಬೆಲೆಯೂ ಇದೆ. ಭಾನುವಾರ ಹಳ್ಳಿಯ ಆತಿಥ್ಯವನ್ನು ಕೊಂಡಾಡಿ ಬಂದವರು ಸೋಮವಾರ ತಮ್ಮ ಮನೆಯ ‘ಬಾಡಿಗೆಗೆ ಇದೆ’ ಬೋರ್ಡಿನ ಕೆಳಗೆ ನಿಂತು, ಬಂದವರ ಹೆಸರು ಕೇಳಿ, ‘ಬೇರೆಯವರಿಗೆ ಮಾತಾಗಿದೆ’ ಎನ್ನುವುದುಂಟು. ಆ ಉತ್ತರ ನಮ್ಮವರಿಗೆ ಹೊಸದಲ್ಲ. ದಲಿತರಿಗಂತೂ ಹೊಸದೇ ಅಲ್ಲ. ಉರ್ದುವಿನಲ್ಲಿ ಮೆಹಮಾನ್ ಬೇರೆ, ಕಿರಾಯೆದಾರ್ ಬೇರೆ. ಎರಡು ರಾತ್ರಿಯ ಮೆಹಮಾನನಿಗೆ ತೆರೆಯುವ ಬಾಗಿಲು ಎರಡು ವರ್ಷದ ಕಿರಾಯೆದಾರನಿಗೂ ತೆರೆಯಬೇಕು.

ಹಳೆಯ ಮನೆಗಳು ಉಳಿಯಲಿ. ಅವುಗಳ ಗೋಡೆಯ ಮೇಲೆ ಕೋಣೆಯ ಬಾಡಿಗೆಯೊಂದಿಗೆ, ಅದನ್ನು ಕಟ್ಟಿದ ಕೈಗಳು ಯಾರವು, ಒಳಗೆ ಬರಲಾರದೆ ಹೊರಗೆ ನಿಂತವರು ಯಾರು ಎಂಬುದನ್ನೂ ಬರೆಯಲಿ. ದುರಸ್ತಿಯಾಗಬೇಕಾದದ್ದು ಹೆಂಚು ಮಾತ್ರವಲ್ಲ.