ಹುಲ್ಲಿನ ಮೆಷಿನ್ ಯಾರ ಹೆಗಲಿಗೆ?

ವಿಮರ್ಶೆ ಎಂದರೆ ಕಥೆ, ಕಾದಂಬರಿ, ಕವನಗಳಿಗೆ ಮಾತ್ರ ಸಲ್ಲುವ ಕೆಲಸವೆಂದು ನಾವೆಲ್ಲ ತಿಳಿದಿದ್ದೇವೆ. ಆದರೆ ನಮ್ಮ ಮನೆಗಳಿಗೆ ಕಾದಂಬರಿಗಿಂತ ಹೆಚ್ಚಾಗಿ ಬರುವ ಸಾಹಿತ್ಯವೊಂದಿದೆ. ಅದು ಯಂತ್ರ ಮಾರುವವರು ಹಂಚುವ ಬಣ್ಣದ ಪುಸ್ತಿಕೆ. ಅದನ್ನು ಯಾರೂ ವಿಮರ್ಶಿಸುವುದಿಲ್ಲ. ಚಿತ್ರ ನೋಡುತ್ತೇವೆ, ನಂಬುತ್ತೇವೆ, ಹಣ ಕೊಟ್ಟು ಬರುತ್ತೇವೆ. ನಮ್ಮ ಮನೆಗೆ ಹುಲ್ಲು ಕತ್ತರಿಸುವ ಮೆಷಿನ್ ಬೇಕೆಂಬ ಮಾತು ಬಂದಾಗ ಅಂಥ ನಾಲ್ಕು ಪುಸ್ತಿಕೆಗಳನ್ನು ಉತ್ತರಪತ್ರಿಕೆ ತಿದ್ದುವವಳಂತೆ ಕೂತು ಓದಿದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯವರಿಗೆ ಹುಲ್ಲಿನ ವಿಷಯ ವಿವರಿಸಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಹದಿನೈದೇ ದಿನಗಳಲ್ಲಿ ಬಾವಿಕಟ್ಟೆಗೆ ಹೋಗುವ ದಾರಿ ಕಾಣಿಸದು. ಹುಲ್ಲಿನಡಿಯಲ್ಲಿ ಹಾವೋ ಹಗ್ಗವೋ ತಿಳಿಯದು. ಪೇಟೆಯಲ್ಲಿ ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೂ ಹಿತ್ತಿಲಿನ ಕಾಟ ತಪ್ಪಿದ್ದಲ್ಲ. ಮೊದಲಾದರೆ ಹಟ್ಟಿಯಲ್ಲಿ ದನಗಳಿದ್ದವು, ಕತ್ತಿ ಹಿಡಿದು ಹುಲ್ಲು ಹೆರೆಯುವ ಹೆಂಗಸರಿದ್ದರು. ಈಗ ಹಟ್ಟಿ ಬೈಕ್ ನಿಲ್ಲಿಸುವ ಜಾಗವಾಗಿದೆ. ಹುಲ್ಲು ಮಾತ್ರ ಅಂದಿನಂತೆಯೇ ಬೆಳೆಯುತ್ತಿದೆ.

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿರುವ ನನ್ನ ತಂಗಿಯ ಮಗಳಿಗೆ ಇದೇ ಕಷ್ಟ ಬೇರೆ ಬಣ್ಣದಲ್ಲಿದೆ. ನಮಗೆ ಹಸಿರು, ಅವಳಿಗೆ ಬಿಳಿ. ಹಿಮ ಬಿದ್ದು ನಿಂತ ಇಪ್ಪತ್ತನಾಲ್ಕು ಗಂಟೆಯೊಳಗೆ ಮನೆಯ ಮುಂದಿನ ಕಾಲುದಾರಿಯನ್ನು ಮನೆಯವರೇ ತೆರವು ಮಾಡಬೇಕೆಂಬ ನಿಯಮ ಅಲ್ಲಿದೆ. ಅದಕ್ಕೆಂದು ಹಿಮ ಎತ್ತಿ ಎಸೆಯುವ ಯಂತ್ರ ಕೊಳ್ಳುವಾಗ ಅವಳು ಕೇಳಿದ ಪ್ರಶ್ನೆಗಳನ್ನು ಫೋನಿನಲ್ಲಿ ನನಗೆ ಹೇಳಿದಳು. ನೆಲ ಸಿಮೆಂಟಿನದೋ ಜಲ್ಲಿಯದೋ? ಒಂದು ಸಲಕ್ಕೆ ಎಷ್ಟು ಎತ್ತರ ಬೀಳುತ್ತದೆ? ಅದನ್ನು ತಳ್ಳುವವರು ಯಾರು? ಜಲ್ಲಿಯ ನೆಲಕ್ಕೆ ನೆಲವನ್ನು ಉಜ್ಜಿ ಎತ್ತುವ ಸಣ್ಣ ಯಂತ್ರ ಆಗದಂತೆ, ಕಲ್ಲನ್ನೂ ಎತ್ತಿ ಎಸೆಯುತ್ತದಂತೆ. ಅದಕ್ಕೆ ನೆಲದಿಂದ ಸ್ವಲ್ಪ ಮೇಲೆ ನಿಲ್ಲಿಸಬಹುದಾದ ದೊಡ್ಡದೇ ಬೇಕು. ಎಂಥ ಸರಿಯಾದ ಪ್ರಶ್ನೆಗಳು ನೋಡಿ! ನನ್ನ ಕೈಯಲ್ಲಿದ್ದ ನಾಲ್ಕು ಪುಸ್ತಿಕೆಗಳಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ಹಾಗಾದರೆ ಏನಿತ್ತು? ಮೊದಲ ಪುಟದಲ್ಲಿ ಎಂಜಿನ್ನಿನ ಶಕ್ತಿ, ದೊಡ್ಡ ಅಂಕಿಯಲ್ಲಿ. ಎರಡನೆಯ ಪುಟದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗಂಡಸೊಬ್ಬ ನಗುತ್ತ ಹುಲ್ಲು ಕತ್ತರಿಸುವ ಚಿತ್ರ. ಅವನ ಮುಂದಿನ ಹುಲ್ಲು ಚಾಪೆ ಹಾಸಿದ ಹಾಗೆ ಸಮನಾಗಿದೆ. ನಮ್ಮಲ್ಲಿ ಅಂಥ ನೆಲ ಎಲ್ಲಿದೆ? ದರೆ ಇದೆ, ಕಣಿ ಇದೆ, ಮುರಕಲ್ಲಿನ ತುಂಡುಗಳಿವೆ, ಬಿದ್ದ ಸೋಗೆ, ಹಾಳೆ, ತೆಂಗಿನ ಮಡಲು ಇವೆ. ತೂಕದ ವಿಷಯ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ. ಕೆಲಸ ಮಾಡುವಾಗ ಸುತ್ತ ಹದಿನೈದು ಮೀಟರ್ ದೂರದೊಳಗೆ ಯಾರೂ ನಿಲ್ಲಬಾರದೆಂಬ ಮಾತು ಇನ್ನೂ ಸಣ್ಣ ಅಕ್ಷರಗಳಲ್ಲಿ, ಅದೂ ಇಂಗ್ಲಿಷಿನಲ್ಲಿ. ಮೆಷಿನ್ ಹಿಡಿಯುವವನಿಗೆ ಆ ಇಂಗ್ಲಿಷ್ ಬರುವುದಿಲ್ಲ. ಬರುವ ಮನೆಯೊಡೆಯ ಮೆಷಿನ್ ಹಿಡಿಯುವುದಿಲ್ಲ. ಹಾಗಾದರೆ ಆ ಸಾಲು ಯಾರಿಗಾಗಿ ಅಚ್ಚಾಯಿತು?

ಈ ಯಂತ್ರದ ಹುಟ್ಟು ಕೇಳಿದರೆ ನಗು ಬರುತ್ತದೆ. 1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ ಎಂಬವರು ಕಾರು ತೊಳೆಯುವ ಕಡೆ ಗಿರಗಿರನೆ ತಿರುಗುವ ಬ್ರಶ್ಶುಗಳನ್ನು ನೋಡಿ, ಮರದ ಬುಡದ ಹುಲ್ಲನ್ನು ಹೀಗೇ ಹೊಡೆದುಹಾಕಬಹುದಲ್ಲ ಎಂದುಕೊಂಡರಂತೆ. ಒಂದು ತಗಡಿನ ಡಬ್ಬಕ್ಕೆ ಗಾಳದ ದಾರ ಕಟ್ಟಿ ತಿರುಗಿಸಿ ನೋಡಿದರು. ಹುಲ್ಲು ಕತ್ತರಿಸುವ ನೈಲಾನ್ ದಾರ ಹುಟ್ಟಿದ್ದು ಹಾಗೆ. ದಾರವೂ ವೇಗ ಸಿಕ್ಕಿದರೆ ಕತ್ತಿಯಾಗುತ್ತದೆ ಎಂಬುದೇ ಇದರ ಗುಟ್ಟು. ಇದರ ಅಪಾಯವೂ ಅದರಲ್ಲೇ ಇದೆ. ಸಣ್ಣ ಕಲ್ಲಿಗೂ ಅದೇ ವೇಗ ಸಿಗುತ್ತದಲ್ಲ!

ನನ್ನ ಶಾಲೆಯ ಹುಡುಗನೊಬ್ಬನ ತಂದೆ ದಿನಗೂಲಿಗೆ ಮೆಷಿನ್ ಹಿಡಿಯುವವರು. ಎರಡು ವರ್ಷದ ಹಿಂದೆ ಮುರಕಲ್ಲಿನ ಚೂರು ಹಾರಿ ಅವರ ಬಲಗಣ್ಣಿನ ದೃಷ್ಟಿ ಹೋಯಿತು. ಆ ಹುಡುಗ ತಿಂಗಳುಗಟ್ಟಲೆ ಶಾಲೆಗೆ ಬಾರದೆ ಮನೆಯಲ್ಲಿ ಉಳಿದ. ಮೆಷಿನ್ ಆ ಮನೆಯ ಯಜಮಾನರದ್ದು, ಹೊಸದು. ಅದರ ಬೆಲೆಯ ಮುಂದೆ ಏನೂ ಅಲ್ಲದ ಒಂದು ಕಣ್ಣಿನ ಕನ್ನಡಕವನ್ನು ಅದರ ಜೊತೆಗೆ ಯಾರೂ ಕೊಂಡಿರಲಿಲ್ಲ. ಆದ್ದರಿಂದ ಬೆಲೆ ಕೇಳುವಾಗ ಮೆಷಿನ್ನಿನ ಬೆಲೆ ಮಾತ್ರ ಕೇಳಬೇಡಿ. ಕಣ್ಣಿನ ರಕ್ಷೆ, ಕಿವಿಯ ಮುಚ್ಚಳ, ಕಾಲಿಗೆ ಬೂಟು, ಹೆಗಲ ಪಟ್ಟಿ ಎಲ್ಲ ಸೇರಿಸಿ ಕೇಳಿ. ಕಿವಿಯ ಮುಚ್ಚಳ ಶೋಕಿಯಲ್ಲ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ಕೇಳುವಷ್ಟರ ಹಾನಿ 100 ಡೆಸಿಬೆಲ್‌ಗೆ ಹದಿನೈದೇ ನಿಮಿಷದಲ್ಲಿ ಆಗುತ್ತದೆಂದು ತಜ್ಞರ ಲೆಕ್ಕ. ಪೆಟ್ರೋಲ್ ಮೆಷಿನ್ ಹಿಡಿದವನ ಕಿವಿಗೆ ಬೀಳುವ ಸದ್ದು ಹೆಚ್ಚುಕಡಿಮೆ ಅಷ್ಟಿರುತ್ತದೆ.

ಇನ್ನು ಆಯ್ಕೆ. ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಎಂದು ಅಂಗಡಿಯವರು ಹೇಳುವಾಗ ಅದು ಗಂಡಸರ ವಿಷಯವೆಂದು ನಾವು ಸುಮ್ಮನಾಗುತ್ತೇವೆ. ಅದರಲ್ಲಿ ಅಂಥ ಬ್ರಹ್ಮವಿದ್ಯೆ ಏನೂ ಇಲ್ಲ. ಟೂ ಸ್ಟ್ರೋಕಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಐವತ್ತಕ್ಕೆ ಒಂದು ಎಂದರೆ ಲೀಟರಿಗೆ 20 ಮಿಲಿಲೀಟರ್, ಇಪ್ಪತ್ತೈದಕ್ಕೆ ಒಂದು ಎಂದರೆ 40. ಯಾವ ಪ್ರಮಾಣವೆಂಬುದನ್ನು ಆ ಮೆಷಿನ್ನಿನ ಪುಸ್ತಕ ಹೇಳುತ್ತದೆ. ಎಣ್ಣೆ ಕಡಿಮೆಯಾದರೆ ಎಂಜಿನ್ ಸುಟ್ಟುಹೋಗುತ್ತದೆ. ಫೋರ್ ಸ್ಟ್ರೋಕಿಗೆ ಬೆರಕೆ ಬೇಡ, ಎಣ್ಣೆಗೆ ಬೇರೆ ಜಾಗವಿದೆ, ಹೊಗೆಯೂ ಕಡಿಮೆ. ಸಾರಿಗೆ ಉಪ್ಪು ಅಳೆದು ಹಾಕುವವರಿಗೆ ಇದು ಕಷ್ಟದ ಲೆಕ್ಕವೇ? ಬ್ಯಾಟರಿಯದ್ದೂ ಬಂದಿದೆ. ಸದ್ದು ಕಡಿಮೆ, ಎಳೆದು ಸ್ಟಾರ್ಟ್ ಮಾಡುವ ರಗಳೆ ಇಲ್ಲ. ಹತ್ತು ಸೆಂಟ್ಸಿನ ಹಿತ್ತಿಲಿಗೆ ಅದು ಧಾರಾಳ ಸಾಕು, ಎರಡು ಎಕರೆ ತೋಟಕ್ಕೆ ಸಾಲದು. ಎಳೆ ಹುಲ್ಲಿಗೆ, ಕಲ್ಲಿರುವ ಕಡೆಗೆ ನೈಲಾನ್ ದಾರ. ಬಲಿತ ಪೊದೆಗೆ ಬ್ಲೇಡು. ಎಳೆಯ ಅಡಿಕೆ ಸಸಿಯ ಬುಡಕ್ಕೆ ಮಾತ್ರ ಎರಡೂ ಬೇಡ. ದಾರ ತಾಗಿದರೂ ತೊಗಟೆ ಸುಲಿಯುತ್ತದೆ, ಅಲ್ಲಿ ಕತ್ತಿಯೇ ಸೈ.

“ಇಷ್ಟೆಲ್ಲ ರಗಳೆ ಯಾಕೆ ಮಾರಾಯ್ತಿ, ಒಂದು ಡಬ್ಬ ಮದ್ದು ಹೊಡೆದರೆ ಆಯಿತಲ್ಲ” ಎಂದರು ನಮ್ಮವರು. ಆ ಕಳೆಮದ್ದು ಗ್ಲೈಫೋಸೇಟನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿತು. ತಜ್ಞರಲ್ಲಿ ಒಪ್ಪದವರೂ ಇದ್ದಾರೆ. ಆದರೂ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವೇ ಅದನ್ನು ತರಬೇತಿ ಪಡೆದವರು ಮಾತ್ರ ಸಿಂಪಡಿಸಬೇಕೆಂದು ಆದೇಶಿಸಿತು. ಮಣ್ಣಿನ ಲೆಕ್ಕವೂ ಇದೆ. ಮೆಷಿನ್ ಹುಲ್ಲಿನ ತಲೆ ತೆಗೆದು ಬೇರು ಬಿಡುತ್ತದೆ, ನಮ್ಮ ಮಳೆಗೆ ಮಣ್ಣು ಹಿಡಿದು ನಿಲ್ಲಿಸುವುದು ಆ ಬೇರೇ. ಬಾವಿಯ ನೀರು ಕುಡಿಯುವವರು ನಾವು. ಆದ್ದರಿಂದ ಮೆಷಿನ್ ಬೇಕೆಂಬ ಪಕ್ಷ ನನ್ನದು.

ನನ್ನ ತಕರಾರು ಬೇರೆ. ಅಂಗಡಿಗೆ ಹೋದಾಗ ಹುಡುಗ ಕೇಳಿದ್ದು, “ಟೀಚರೇ, ಯಜಮಾನರು ಬರಲಿಲ್ಲವಾ?” ನಾನು ತೂಕ ಕೇಳಿದರೆ ಅವನು ಬಣ್ಣ ತೋರಿಸಿದ. ಪಹಣಿ ಯಾರ ಹೆಸರಿನಲ್ಲಿದೆ ಎಂಬ ಮಾತು ಬಂದ ಮೇಲೆ ಮಾತ್ರ ನನಗೆ ಕುರ್ಚಿ ಸಿಕ್ಕಿತು. ಕಾರಣವಿದೆ. 2014-15ರಲ್ಲಿ ಆರಂಭವಾದ ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯ ಮಾರ್ಗಸೂಚಿಯಲ್ಲಿ ಸಾಮಾನ್ಯವಾಗಿ ಶೇಕಡಾ 40 ಸಹಾಯಧನವಾದರೆ, ಮಹಿಳೆಯರಿಗೆ ಮತ್ತು ಸಣ್ಣ ರೈತರಿಗೆ ಶೇಕಡಾ 50. ಸರಕಾರದ ಉದ್ದೇಶ ಒಳ್ಳೆಯದೇ. ಆದರೆ ನಡೆಯುವುದೇನು? ಅರ್ಜಿಗೆ ಹೆಂಡತಿಯ ಸಹಿ, ಆಯ್ಕೆ ಗಂಡನದು, ಹೊರುವವನು ಕೂಲಿಯವ. ಮೂರು ಜನರಲ್ಲಿ ಮೆಷಿನ್ನಿನ ತೂಕ ಗೊತ್ತಿರುವವನನ್ನು ಯಾರೂ ಕೇಳುವುದಿಲ್ಲ. ಸಹಿ ಹಾಕಿದವಳಿಗೆ ಅದನ್ನು ನಿಲ್ಲಿಸುವ ಸ್ವಿಚ್ ಎಲ್ಲಿದೆ ಎಂದೂ ತಿಳಿದಿರುವುದಿಲ್ಲ. ಅವಘಡವಾದಾಗ ಓಡಿ ಬರಬೇಕಾದವಳು ಮಾತ್ರ ಅವಳೇ.

ನಾನು ಮಾಡಿದ್ದು ಇಷ್ಟು. ನಮ್ಮಲ್ಲಿಗೆ ಕೆಲಸಕ್ಕೆ ಬರುವವರನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ಪೆಟ್ರೋಲ್ ತುಂಬಿಸಿ ಹೆಗಲಿಗೆ ಹಾಕಿ ಹತ್ತು ನಿಮಿಷ ನಡೆದು ನೋಡಲು ಹೇಳಿದೆ. ಪುಸ್ತಿಕೆಯಲ್ಲಿ ಎಲ್ಲಕ್ಕಿಂತ ಶಕ್ತಿಶಾಲಿಯೆಂದಿದ್ದ ಮೆಷಿನನ್ನು ಅವರು ಐದೇ ನಿಮಿಷಕ್ಕೆ ಇಳಿಸಿ, “ಇದು ದರೆಯಲ್ಲಿ ನನ್ನನ್ನೇ ಎಳೆದುಕೊಂಡು ಹೋಗುತ್ತದೆ ಅಕ್ಕಾ” ಎಂದರು. ಅವರು ಒಪ್ಪಿದ್ದು ಅದಕ್ಕಿಂತ ಸಣ್ಣದಾದ ಫೋರ್ ಸ್ಟ್ರೋಕ್. ಆಮೇಲೆ ನಾನೂ ಹೆಗಲಿಗೆ ಹಾಕಿ ನೋಡಿದೆ. ಏಳೆಂಟು ಕಿಲೋ. ಐವತ್ತು ದಾಟಿದ ನನ್ನ ಬೆನ್ನಿಗೆ ಅದು ಅರ್ಧ ಗಂಟೆಯ ಮಾತು. ಆದರೆ ಸ್ಟಾರ್ಟ್ ಮಾಡುವುದು, ನಿಲ್ಲಿಸುವುದು, ದಾರ ತುಂಬಿಸುವುದು ಎಲ್ಲ ಕಲಿತೆ.

ಕೊಳ್ಳುವ ಮೊದಲು ಒಂದು ಮಳೆಗಾಲ ಬಾಡಿಗೆಗೆ ತಂದು ನೋಡುವುದೂ ಜಾಣತನವೇ. ಕೊಂಡರೆ ಎಚ್ಚರಿಕೆಯ ಮಾತುಗಳನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಮೆಷಿನ್ ಇಡುವ ಗೋಡೆಗೆ ಅಂಟಿಸಿ. ಕಂಪೆನಿಯವರು ಮಾಡದ ಅನುವಾದವನ್ನು ಮನೆಯ ಹೆಂಗಸು ಮಾಡಲಿ. ಅದರಲ್ಲಿ ಮೊದಲ ಸಾಲು ಇದಿರಲಿ: ಕನ್ನಡಕ ಹಾಕದವರಿಗೆ ಮೆಷಿನ್ ಕೊಡುವುದಿಲ್ಲ.