ಅಂಜಿಕೆಯ ಅಳತೆ ಮತ್ತು ಶೂನ್ಯ ದೋಷ

ಜನರೆದುರು ನಿಂತಾಗ ಎದೆಬಡಿತ ಏರುವುದು, ಬೆವರುವುದು, ನಡುಗುವುದು ಸಾಮಾಜಿಕ ಆತಂಕದ ಲಕ್ಷಣಗಳು. ಇದನ್ನು ಅಳೆಯಲು ಕಾನರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ‘ಸ್ಪಿನ್’ ಪ್ರಶ್ನಾವಳಿಯಲ್ಲಿ 17 ಹೇಳಿಕೆಗಳಿವೆ. ಗರಿಷ್ಠ ಅಂಕ 68. ಬಳಸಲು ಸುಲಭವೆಂಬುದು ಅದರ ಗುಣ. ಆದರೆ ವರ್ನಿಯರ್ ಹಿಡಿಯುವ ಮೊದಲು ನೀವು ಶೂನ್ಯ ದೋಷ ನೋಡುವುದಿಲ್ಲವೆ? ಈ ಪ್ರಶ್ನಾವಳಿ ಅಧಿಕಾರದಲ್ಲಿರುವವರ ಭಯಕ್ಕೂ ‘ಪಾರ್ಟಿ’ಯ ಭಯಕ್ಕೂ ಅಂಕ ಕೊಡುತ್ತದೆ. ಬೈಲಹೊಂಗಲ, ಕಿತ್ತೂರಿನ ಶಾಲೆಗಳಲ್ಲಿ ಗುರುಗಳೆದುರು ತಲೆತಗ್ಗಿಸುವುದು ಮರ್ಯಾದೆ. ಸವದತ್ತಿ, ರಾಮದುರ್ಗದ ಹಳ್ಳಿಯ ಹುಡುಗಿಗೆ ಕೇಳಬೇಕಾದದ್ದು ಮದುವೆ, ಜಾತ್ರೆಗಳ ಬಗೆಗೆ. ಹಾಗೆಂದು ‘ನಾಚಿಕೆ ಸ್ವಭಾವ’ವೆಂದು ತಳ್ಳಿಹಾಕುವುದೂ ತಪ್ಪು. ಅಂಕವೊಂದೇ ರೋಗನಿರ್ಣಯವಲ್ಲ. ಭಯವು 6 ತಿಂಗಳು ಮೀರಿ ಉಳಿದು ಓದು, ಒಡನಾಟಗಳನ್ನು ಕೆಡಿಸಿದರೆ ವಿದ್ಯಾರ್ಥಿಯನ್ನು ಮನೋವೈದ್ಯರಿಗೆ ತೋರಿಸಿ; ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ.