ಲೋವೆಯ ಕೆಳಗೆ ಕಾಣದ ಬೇಲೂರು

ಡ್ರೋನ್ ಚಿತ್ರಗಳಿಂದ ಮೂರು ಆಯಾಮದ ಮಾದರಿ ಕಟ್ಟಲು ಈಗ ದುಬಾರಿ ತಂತ್ರಾಂಶ ಬೇಕಿಲ್ಲ. ಓಪನ್‌ಡ್ರೋನ್‌ಮ್ಯಾಪ್ ಇದೆ, ಫ್ರಾನ್ಸಿನ ಭೂಮಾಪನ ಸಂಸ್ಥೆಯ ಮಿಕ್‌ಮ್ಯಾಕ್ ಇದೆ, ಎರಡೂ ಉಚಿತ. ಒಂದರ ಮೇಲೊಂದು ಶೇ. 70–80ರಷ್ಟು ಬರುವಂತೆ ತೆಗೆದ ಚಿತ್ರಗಳಲ್ಲಿ ಸಮಾನ ಗುರುತುಗಳನ್ನು ಹುಡುಕಿ, ಕ್ಯಾಮೆರಾ ಎಲ್ಲೆಲ್ಲಿತ್ತೆಂದು ಲೆಕ್ಕಹಾಕಿ, ಲಕ್ಷಾಂತರ ಬಿಂದುಗಳನ್ನು ಅವುಗಳ ಜಾಗದಲ್ಲಿ ಕೂರಿಸುತ್ತವೆ. ಹೊಯ್ಸಳರ ನೆಲದಲ್ಲಿ ಈ ವಿದ್ಯೆ ಎಷ್ಟು ನಡೆಯುತ್ತದೆ?

ಅರಸೀಕೆರೆಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. 1220ರ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪ, ಅದರ ಚಾವಣಿಯ ಏರಿಳಿತ, ಮೇಲಿನಿಂದ ನೋಡಿದಾಗಲೇ ಸ್ಪಷ್ಟ. ಊರಾಚೆಯ ತೆಂಗಿನ ತೋಟಗಳಲ್ಲಿ ಮಾತ್ರ ತಂತ್ರಾಂಶ ತಡವರಿಸುತ್ತದೆ. ಗಾಳಿಗೆ ಗರಿ ಅಲುಗಿದರೆ ಗುರುತುಗಳು ತಾಳೆಯಾಗುವುದಿಲ್ಲ. ತಾಳೆಯಾದರೂ ಸಿಗುವುದು ಗರಿಗಳ ಎತ್ತರ, ನೆಲದ್ದಲ್ಲ.

ಹಳೇಬೀಡಿನ ದ್ವಾರಸಮುದ್ರ ಕೆರೆಯಲ್ಲಿ ಕಾಲ ನೋಡಿ ಹಾರಿಸಬೇಕು. ತುಂಬಿದ ಕೆರೆಯ ಮಿನುಗುವ ನೀರಿನಲ್ಲಿ ಹಿಡಿದಿಡಲು ಗುರುತೇ ಇರದು. ನೀರು ಇಳಿದಾಗಲಾದರೆ ಬಯಲಾದ ಅಂಗಳದ ಏರುತಗ್ಗು ಸಿಕ್ಕಿ, ಅಷ್ಟು ಭಾಗ ಎಷ್ಟು ನೀರು ಹಿಡಿದೀತೆಂದು ಅಂದಾಜಿಸಬಹುದು. ಆದರೆ ಸಾಮಾನ್ಯ ಡ್ರೋನಿನ ಜಿಪಿಎಸ್ ಹೇಳುವ ಎತ್ತರ ಮೀಟರುಗಟ್ಟಲೆ ತಪ್ಪಬಹುದು. ನೆಲದಲ್ಲಿ ಅಳೆದು ಗುರುತಿಟ್ಟ ಬಿಂದುಗಳಿಲ್ಲದ ಅಂತಹ ಮಾದರಿಯನ್ನು ಏರಿಯ ಮಟ್ಟಕ್ಕೆ ನಂಬುವಂತಿಲ್ಲ.

ನಿಜವಾದ ಪರೀಕ್ಷೆ ಬೇಲೂರಿನದು. 1117ರ ಚೆನ್ನಕೇಶವ ಗುಡಿಗೆ ಈಗ ಶಿಖರವಿಲ್ಲ. ನೇರ ಮೇಲಿನಿಂದ ಕಾಣುವುದು ಬಹುಪಾಲು ಬೋಳು ಚಾವಣಿ. ಹೊರಗೆ ಕಾಣುವ ಹೊಯ್ಸಳ ಶಿಲ್ಪಿಯ ಕೆಲಸ ಬಹುಪಾಲು ಗೋಡೆಯಲ್ಲಿ: ಬಳಪದ ಕಲ್ಲಿನ ಆನೆಸಾಲು, ಬಳ್ಳಿಸುರುಳಿ, ಲೋವೆಯಡಿ ಮುಂದಕ್ಕೆ ಬಾಗಿ ನಿಂತ ಮದನಿಕೆಯರು. ಡ್ರೋನನ್ನು ಓರೆಯಾಗಿ ಹಾರಿಸಿದರೂ ಆ ನೆರಳಿನ ಸಂದುಗಳು ಪೂರ್ತಿ ಸಿಗುವುದಿಲ್ಲ.

ಸಿಗದ ಕಡೆ ಖಾಲಿ ಬಿಟ್ಟಿದ್ದರೆ ದೂರಿರಲಿಲ್ಲ. ಓಪನ್‌ಡ್ರೋನ್‌ಮ್ಯಾಪ್ ಬಿಂದುಗಳ ಮೇಲೆ ಮೇಲ್ಮೈ ಹೊದಿಸುವಾಗ ಸಂದುಗಳನ್ನೂ ನಯವಾಗಿ ಮುಚ್ಚುತ್ತದೆ. ಮದನಿಕೆ ಕರಗಿದ ಮೇಣದ ಗೊಂಬೆಯಾಗುತ್ತಾಳೆ. ಪರದೆಯ ಮೇಲೆ ತಿರುಗಿಸಲು ಚಂದವಾದ ಈ ಮಾದರಿಯೇ ದಾಖಲೆಯಾಗಿ ಎಲ್ಲಕ್ಕಿಂತ ದುರ್ಬಲ. ಅದಕ್ಕೂ ಮೊದಲು ತಯಾರಾದ, ತೂತುಗಳುಳ್ಳ ಬಿಂದುಸಮೂಹವೇ ಹೆಚ್ಚು ಪ್ರಾಮಾಣಿಕ.

ಹೀಗಾಗಿ ನೀರಿಳಿದ ಕೆರೆ, ಕೋಟೆಯ ಕುರುಹು, ಗುಡಿಯ ನೆಲಗಟ್ಟಿಗೆ, ನೆಲದಲ್ಲಿ ಅಳೆದ ಬಿಂದುಗಳಿದ್ದರೆ, ಈ ತಂತ್ರಾಂಶ ಧಾರಾಳ ಸಾಕು. ಗೋಡೆಯ ಶಿಲ್ಪಕ್ಕೆ ನೆಲದ ಮೇಲೆ ನಿಂತು, ಹತ್ತಿರದಿಂದ ತೆಗೆದ ಚಿತ್ರಗಳನ್ನೂ ಸೇರಿಸಬೇಕು. ಉಚಿತ ತಂತ್ರಾಂಶದ ದೊಡ್ಡ ಬಲವೆಂದರೆ ಇನ್ನೊಬ್ಬರು ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು. ಮೂಲ ಚಿತ್ರಗಳನ್ನೂ ಬಿಂದುಸಮೂಹವನ್ನೂ ಬಚ್ಚಿಟ್ಟು ನಯವಾದ ಮಾದರಿಯನ್ನಷ್ಟೇ ತೋರಿಸುವವರು ಆ ಬಲವನ್ನೇ ಕೈಬಿಟ್ಟಂತೆ.